ಗ್ಲೆನ್ ಎಂದರೆ ಕಣಿವೆ

ಉದಕಮಂಡಲದಿಂದ ಗೂಡಲೂರಿಗೆ ಹೋಗುವ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಗ್ಲೆನ್‌ಮಾರ್ಗನ್ ಎಂಬ ಊರು ಸಿಗುತ್ತದೆ. ನೀಲಗಿರಿಯಲ್ಲಿಯೇ ಗ್ಲೆನ್‌ಡೇಲ್ ಎಂಬ ಚಹಾ ತೋಟವಿದೆ, ಕ್ರೇಗ್‌ಮೋರ್ ಎಂಬುದೂ ಇದೆ. ಅಲ್ಲಿನ ಶಾಲೆಯ ಮಕ್ಕಳ ನಾಲಗೆಗೆ ಈ ಹೆಸರುಗಳು ಕೂನೂರು, ಕೋಟಗಿರಿಗಳಷ್ಟೇ ಸಲೀಸು. ಅವು ಯಾವ ಭಾಷೆಯ ಮಾತುಗಳೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಲಿಕ್ ನುಡಿಯಲ್ಲಿ ಗ್ಲೆನ್ ಎಂದರೆ ಕಣಿವೆ. ಕ್ರೇಗ್ ಎಂದರೆ ಬಂಡೆ, ಮೋರ್ ಎಂದರೆ ದೊಡ್ಡದು. ಆ ಗೇಲಿಕ್ ನುಡಿ ಇಂದು ತನ್ನ ತವರಿನಲ್ಲಿ ಎಪ್ಪತ್ತು ಸಾವಿರದಷ್ಟು ಜನರು ಮಾತ್ರ ಆಡುವ ಮಾತಾಗಿ ಉಳಿದಿದೆ. ಅದರ ತುಣುಕುಗಳು ಮಾತ್ರ ಎಂಟು ಸಾವಿರ ಕಿಲೋಮೀಟರು ದೂರದ ಬೆಟ್ಟಗಳಲ್ಲಿ ಬಸ್ಸಿನ ಫಲಕಗಳ ಮೇಲೆ ನಿತ್ಯವೂ ಓಡಾಡುತ್ತಿವೆ.

ಹೆಸರುಗಳು ಹೀಗೆ ಬಂದುದಕ್ಕೆ ಕಾರಣ ಚಹಾ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗಿಡವನ್ನು ಚೀನಾದಿಂದ ಹೊರಕ್ಕೆ ತಂದು ಬ್ರಿಟಿಷರ ಅಧೀನದ ನಾಡುಗಳಲ್ಲಿ ಹಬ್ಬಿಸಿದವರ ಪಟ್ಟಿಯನ್ನು ನೋಡಿದರೆ ಸ್ಕಾಟ್ಲೆಂಡಿನವರೇ ಎದ್ದು ಕಾಣುತ್ತಾರೆ. 1823ರಲ್ಲಿ ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡವಿರುವುದನ್ನು ಸ್ಥಳೀಯ ಸಿಂಗ್‌ಫೋ ಜನರಿಂದ ತಿಳಿದುಕೊಂಡ ರಾಬರ್ಟ್ ಬ್ರೂಸ್, 1841ರಲ್ಲಿ ಡಾರ್ಜಿಲಿಂಗಿನ ತನ್ನ ಮನೆಯಂಗಳದಲ್ಲಿ ಬೀಜ ಬಿತ್ತಿದ ವೈದ್ಯ ಆರ್ಚಿಬಾಲ್ಡ್ ಕ್ಯಾಂಬೆಲ್, 1848ರಿಂದಾಚೆಗೆ ಚೀನೀಯರ ವೇಷ ತೊಟ್ಟು ಒಳನಾಡಿಗೆ ನುಗ್ಗಿ ಗಾಜಿನ ಪೆಟ್ಟಿಗೆಗಳಲ್ಲಿ ಸಾವಿರಾರು ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ ರಾಬರ್ಟ್ ಫಾರ್ಚೂನ್, ಎಲ್ಲರೂ ಆ ನಾಡಿನವರು. ಅವರೊಳಗೆ ಮನಸ್ಸಿನಲ್ಲಿ ನಿಲ್ಲುವವನು ಜೇಮ್ಸ್ ಟೇಲರ್. ಬಡ ಕುಟುಂಬದ ಈ ಹುಡುಗ ಹದಿನಾರರ ಪ್ರಾಯದಲ್ಲಿ, 1852ರಲ್ಲಿ, ಸಿಂಹಳಕ್ಕೆ ಹಡಗು ಹತ್ತಿದ. ಕಾಫಿ ತೋಟದ ಕೆಲಸಕ್ಕೆಂದು ಹೋದವನು 1867ರಲ್ಲಿ ಲೂಲೆಕಂಡೇರ ಎಂಬಲ್ಲಿ 19 ಎಕರೆಗೆ ಚಹಾ ಹಾಕಿದ. ಎಲೆಯನ್ನು ತನ್ನ ಬಂಗಲೆಯ ಜಗಲಿಯ ಮೇಲೆಯೇ ಉಜ್ಜಿ ಹದ ಮಾಡುತ್ತಿದ್ದನಂತೆ. 1892ರಲ್ಲಿ ಅಲ್ಲಿಯೇ ತೀರಿಕೊಂಡ. ಹುಟ್ಟಿದ ಊರನ್ನು ಮತ್ತೆ ಕಾಣಲಿಲ್ಲ. ತೋಟಗಳಿಗೆ ಹೆಸರು ಕೊಟ್ಟವರು ಇಂಥವರು. ಕಾಡು ಕಡಿದು, ಬೆಟ್ಟ ಅಗೆದು, ಗಿಡ ನೆಟ್ಟ ಕೂಲಿಗಳ ಹೆಸರು ಯಾವ ಫಲಕದ ಮೇಲೂ ಇಲ್ಲವೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ತಪ್ಪಾದೀತು.

ಇಷ್ಟೆಲ್ಲ ಮಾಡಿದ ಸ್ಕಾಟ್ಲೆಂಡಿನವರು ತಮ್ಮ ಸ್ವಂತ ನೆಲದಲ್ಲಿ ಮಾತ್ರ ಚಹಾ ಬೆಳೆದಿರಲಿಲ್ಲ. ಆ ಪ್ರಯತ್ನ ನಿಜವಾಗಿ ಆರಂಭವಾದದ್ದು ಈ ಶತಮಾನದಲ್ಲಿ. ಇಂಗ್ಲೆಂಡಿನ ನೈಋತ್ಯದ ಕಾರ್ನ್‌ವಾಲಿನಲ್ಲಿರುವ ಟ್ರೆಗೋತ್ನನ್ ತೋಟದವರು 2005ರಲ್ಲಿ ಬ್ರಿಟನ್ನಿನ ನೆಲದಲ್ಲಿ ಬೆಳೆದ ಚಹಾವನ್ನು ಮಾರಾಟಕ್ಕಿಟ್ಟರು. ಅದು ಸಮುದ್ರದ ಬೆಚ್ಚನೆಯ ಗಾಳಿ ಬೀಸುವ ಜಾಗ. ಚಹಾದ ಸಂಬಂಧಿಯಾದ ಅಲಂಕಾರದ ಕಮೀಲಿಯಾ ಗಿಡಗಳು ಅಲ್ಲಿ ಎರಡು ನೂರು ವರ್ಷಗಳಿಂದ ಬಯಲಿನಲ್ಲಿಯೇ ಹೂ ಬಿಡುತ್ತಿದ್ದವು. ಅಲ್ಲಿ ಆಗುವುದಾದರೆ ಇನ್ನೂ ಉತ್ತರಕ್ಕೆ, 56ನೆಯ ಅಕ್ಷಾಂಶದ ಪರ್ತ್‌ಶೈರ್, ಆ್ಯಂಗಸ್, ಫೈಫ್ ಸೀಮೆಗಳಲ್ಲಿ ಏಕಾಗದು ಎಂಬ ಪ್ರಶ್ನೆ ಎದ್ದಿತು.

ಪ್ರಶ್ನೆ ಹುಚ್ಚಿನದೇನೂ ಅಲ್ಲ. ಚಹಾದಲ್ಲಿ ಮುಖ್ಯವಾಗಿ ಎರಡು ಕುಲಗಳು. ಅಸ್ಸಾಮಿನ ದೊಡ್ಡ ಎಲೆಯ ಗಿಡ ಚಳಿಗೆ ಮುದುಡುತ್ತದೆ. ಚೀನಾದ ಸಣ್ಣ ಎಲೆಯ ಗಿಡ ಹಿಮವನ್ನೂ ತಡೆದುಕೊಳ್ಳುತ್ತದೆ. ತುರ್ಕಿ ದೇಶದ ರೀಜೆ ಪ್ರಾಂತದಲ್ಲಿ ಚಳಿಗಾಲದಲ್ಲಿ ಚಹಾ ಗಿಡಗಳ ಮೇಲೆ ಹಿಮ ಬೀಳುತ್ತದೆ. ಆದರೂ ಆ ನಾಡು ಇಂದು ಜಗತ್ತಿನಲ್ಲಿ ಹೆಚ್ಚು ಚಹಾ ಬೆಳೆಯುವ ದೇಶಗಳ ಸಾಲಿನಲ್ಲಿದೆ. ಹಿಮ ಬೀಳುವುದರಿಂದ ಹುಳುಹುಪ್ಪಟೆಗಳ ಕಾಟ ಕಡಿಮೆ, ಔಷಧ ಸಿಂಪಡಿಸುವ ಗೋಜಿಲ್ಲ ಎಂದು ಅಲ್ಲಿನವರು ಹೆಮ್ಮೆಪಡುತ್ತಾರೆ. ಸ್ಕಾಟ್ಲೆಂಡಿನ ಮಣ್ಣಾದರೋ ಹುಳಿ ಮಣ್ಣು, ಚಹಾಕ್ಕೆ ಬೇಕಾದದ್ದೇ. ಮಳೆಗೂ ಕೊರತೆಯಿಲ್ಲ.

ತೊಡಕಿರುವುದು ಬೇರೆ ಕಡೆ. ಹವೆಯ ಉಷ್ಣತೆ ಸುಮಾರು 13 ಡಿಗ್ರಿಗಿಂತ ಕೆಳಗಿದ್ದರೆ ಚಹಾದ ಚಿಗುರು ಬೆಳೆಯುವುದೇ ಇಲ್ಲ. ಪರ್ತ್‌ಶೈರಿನಲ್ಲಿ ಜುಲೈ ತಿಂಗಳ ಮಧ್ಯಾಹ್ನದಲ್ಲೂ ಉಷ್ಣತೆ 19–20 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಗಲಿನ ಉದ್ದದ್ದೂ ಒಂದು ಲೆಕ್ಕ. ಹಗಲು ಹನ್ನೊಂದೂಕಾಲು ಗಂಟೆಗಿಂತ ಚಿಕ್ಕದಾಗಿ ಕೆಲವು ವಾರ ಕಳೆದರೆ ಗಿಡ ತಾನಾಗಿ ನಿದ್ರೆಗೆ ಜಾರುತ್ತದೆ. ನೀಲಗಿರಿಯಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯದೇ ಆದುದರಿಂದ ಅಲ್ಲಿ ಗಿಡಕ್ಕೆ ಆ ಬಗೆಯ ನಿದ್ರೆ ಗೊತ್ತಿಲ್ಲ. ಸ್ಕಾಟ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು ಹದಿನೇಳು ಗಂಟೆಗೂ ಮಿಕ್ಕಿದರೆ ಡಿಸೆಂಬರಿನದು ಏಳೇ ಗಂಟೆ. ಹೀಗಾಗಿ ಚಿಗುರು ಕೀಳಲು ಸಿಗುವುದು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಾತ್ರ.

ಚಳಿಯೂ ಒಂದೇ ರೀತಿ ಕಾಡುವುದಿಲ್ಲ. ಡಿಸೆಂಬರ್, ಜನವರಿಗಳ ತಿಳಿಯಾದ ರಾತ್ರಿಗಳಲ್ಲಿ ನೀಲಗಿರಿಯ ತಗ್ಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವುದನ್ನು ಅಲ್ಲಿನವರು ಬಲ್ಲರು. ದಿಬ್ಬದ ಮೇಲಿನ ಗಿಡ ಹಸಿರಾಗಿಯೇ ಉಳಿದು ತಗ್ಗಿನದು ಮಾತ್ರ ಬೆಂಕಿ ತಾಗಿದಂತೆ ಕಂದುವುದು, ಎಳೆಯ ಸಸಿಗಳ ಮೇಲೆ ಜರೀಗಿಡ ಹೊದಿಸುವುದು ಅವರಿಗೆ ಹೊಸದಲ್ಲ. ಸ್ಕಾಟ್ಲೆಂಡಿನಲ್ಲಿ ಗಿಡ ನಿದ್ರಿಸುತ್ತಿರುವಾಗ ಬೀಳುವ ಹಿಮಕ್ಕಿಂತ ಅದು ಎಚ್ಚತ್ತು ಚಿಗುರಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಹಠಾತ್ತಾಗಿ ಬರುವ ಒಂದು ರಾತ್ರಿಯ ಹಿಮವೇ ಹೆಚ್ಚು ಕೇಡು. ಅದಕ್ಕೂ ಮಿಗಿಲಾದ ಶತ್ರು ಗಾಳಿ. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ಬೇರು ನೀರು ಹೀರಲಾರದು. ಮೇಲೆ ಬೀಸುವ ಗಾಳಿ ಎಲೆಯ ನೀರನ್ನು ಸೆಳೆಯುತ್ತಲೇ ಇರುತ್ತದೆ. ಸುತ್ತ ಹಿಮವಿದ್ದೂ ಗಿಡ ಬಾಯಾರಿ ಸಾಯುತ್ತದೆ. ಹಳೆಯ ಬಂಗಲೆಗಳ ಎತ್ತರದ ಕಲ್ಲುಗೋಡೆಯ ತೋಟಗಳನ್ನೇ ಅಲ್ಲಿನ ಬೆಳೆಗಾರರು ಚಹಾಕ್ಕೆ ಆರಿಸಿಕೊಂಡದ್ದು ಇದಕ್ಕಾಗಿ.

ಈ ಬೆಳೆಗಾರರ ನಡುವೆ ಸುಮಾರು 2014ರ ಹೊತ್ತಿಗೆ ಥಾಮಸ್ ರಾಬಿನ್ಸನ್ ಎಂಬಾತ ಕಾಣಿಸಿಕೊಂಡ. ತಾಮ್ ಓಬ್ರಾನ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದ. ಪರ್ತ್‌ಶೈರಿನ ಆ್ಯಮುಲ್ರಿ ಎಂಬ ಹಳ್ಳಿಯ ಬಳಿ, ಡಾಲ್ರಿಯಾಕ್ ಎಂಬಲ್ಲಿ, ಕುರಿ ಮೇಯುತ್ತಿದ್ದ ನೆಲದಲ್ಲಿ ಜಾಗ ಬಾಡಿಗೆಗೆ ಹಿಡಿದು ತೋಟ ಮಾಡಿದ್ದ. ಚಳಿಯ ನಾಡಿನಲ್ಲಿ ಚಹಾ ಬೆಳೆಸುವ ಗುಟ್ಟು ತನಗೆ ಸಿಕ್ಕಿದೆ ಎಂಬುದು ಅವನ ಮಾತು. ಗಿಡಗಳ ಬುಡಕ್ಕೆ ಹಾಸುವ, ತಾನಾಗಿ ಮಣ್ಣಿನಲ್ಲಿ ಕರಗುವ ವಿಶೇಷ ಹಾಳೆಯೊಂದು ಆ ಗುಟ್ಟಿನ ಭಾಗ. ಆ ಹಾಳೆ ನೋಡಲು ಕಪ್ಪು ಬಣ್ಣದ ಕಸದ ಚೀಲದಂತಿತ್ತೆಂದು ಮುಂದೆ ನ್ಯಾಯಾಲಯದಲ್ಲಿ ಹೇಳಲಾಯಿತು.

ಜನ ನಂಬಿದರು. ನಂಬದಿರಲು ಕಾರಣವೂ ಕಾಣುತ್ತಿರಲಿಲ್ಲ. ಅವನ ತೋಟದ್ದೆನ್ನಲಾದ ಚಹಾ ಡಾಲ್ರಿಯಾಕ್ ವೈಟ್, ಸ್ಕಾಟಿಷ್ ಆ್ಯಂಟ್ಲರ್ಸ್ ಮುಂತಾದ ಚೆಂದದ ಹೆಸರುಗಳಲ್ಲಿ ಎಡಿನ್‌ಬರೋದ ಬ್ಯಾಲ್ಮೋರಲ್ ಹೋಟೆಲಿನ ಪಟ್ಟಿಯಲ್ಲಿ ಕಾಣಿಸಿತು. ಲಂಡನ್ನಿಗೂ ಹೋಯಿತು. ಪತ್ರಿಕೆಗಳು ಬರೆದವು. ತಮ್ಮ ನೆಲದಲ್ಲಿಯೂ ಚಹಾ ಆಗುತ್ತದೆಂಬ ಸುದ್ದಿ ಯಾರಿಗೆ ತಾನೇ ಹಿತವಾಗದು? ಇತರ ಬೆಳೆಗಾರರು ಅವನಿಂದ ಸಸಿ ಕೊಂಡರು, ಸಲಹೆ ಪಡೆದರು. ಇಟಲಿಯ ನರ್ಸರಿಯೊಂದರಿಂದ ಗಿಡಕ್ಕೆ ಸುಮಾರು 3 ಪೌಂಡಿನಂತೆ ತರಿಸಿದ 22,000 ಸಸಿಗಳನ್ನು ಆತ ಸ್ಕಾಟ್ಲೆಂಡಿನಲ್ಲಿಯೇ ಬೆಳೆಸಿದವೆಂದು ಹೇಳಿ 12.50 ಪೌಂಡಿನಂತೆ ಮಾರಿದ. ಸ್ಕಾಟ್ಲೆಂಡಿನ ಹಲವರು ಮಾತ್ರವಲ್ಲ, ದೂರದ ಜೆರ್ಸಿ ದ್ವೀಪದ ಒಬ್ಬರೂ ಕೊಂಡರು. ದಕ್ಷಿಣದ ಬಿಸಿಲಿಗೆ ಒಗ್ಗಿದ ಸಸಿ ಉತ್ತರದ ಗಾಳಿಗೆ ಬಿದ್ದಾಗ ಏನಾಗಬೇಕೋ ಅದೇ ಆಯಿತು. ಬಹಳಷ್ಟು ಸತ್ತವು, ಉಳಿದವು ಕುಗ್ಗಿದವು. ಬೆಳೆಗಾರರು ತಮ್ಮ ಆರೈಕೆಯಲ್ಲಿಯೇ ಲೋಪವಿರಬೇಕೆಂದುಕೊಂಡು ಮತ್ತೆ ನೆಟ್ಟರು.

ಹೋಟೆಲುಗಳಿಗೆ ಹೋದ ಚಹಾದ ಕಥೆ ಇನ್ನೂ ಸರಳ. ಅದು ಹೊರದೇಶಗಳಲ್ಲಿ ಬೆಳೆದದ್ದು. ಸಗಟು ವ್ಯಾಪಾರಿಯಿಂದ ಕೊಂಡು, ಪೊಟ್ಟಣ ಬದಲಿಸಿ, ಸ್ಕಾಟ್ಲೆಂಡಿನ ಹೆಸರು ಅಂಟಿಸಿ ಮಾರಿದ್ದು.

ಇಲ್ಲಿ ಒಂದು ಲೆಕ್ಕವಿದೆ. ಚಹಾ ಬೆಳೆಯುವ ಮನೆಯ ಯಾವ ಮಗುವಾದರೂ ಮಾಡಬಲ್ಲ ಲೆಕ್ಕ. ಒಂದು ಕಿಲೋ ಚಹಾ ಪುಡಿಯಾಗಬೇಕಾದರೆ ನಾಲ್ಕರಿಂದ ನಾಲ್ಕೂವರೆ ಕಿಲೋ ಹಸಿರು ಎಲೆ ಬೇಕು. ನಮ್ಮ ದೇಶದಲ್ಲಿ ಒಂದು ಹೆಕ್ಟೇರಿನ ತೋಟ ವರ್ಷಕ್ಕೆ ಸುಮಾರು 2,000 ಕಿಲೋ ಚಹಾ ಕೊಡುತ್ತದೆ. ಅಷ್ಟು ಜಾಗದಲ್ಲಿ ಹತ್ತರಿಂದ ಹದಿಮೂರು ಸಾವಿರ ಗಿಡಗಳಿರುತ್ತವೆ. ಭಾಗಿಸಿ ನೋಡಿದರೆ ಬಲಿತ ಒಂದು ಗಿಡದಿಂದ ವರ್ಷಕ್ಕೆ ದೊರೆಯುವುದು 150ರಿಂದ 200 ಗ್ರಾಂ ಪುಡಿ. ಅದೂ ವರ್ಷದ ಹೆಚ್ಚಿನ ತಿಂಗಳು ಚಿಗುರು ಕೊಡುವ ನಾಡಿನಲ್ಲಿ. ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ಮೆಲ್ಲಗೆ ಬೆಳೆಯುವ, ನೆಟ್ಟು ಎರಡು ಮೂರು ವರ್ಷವೂ ಆಗದ ಎಳೆಯ ಗಿಡದಿಂದ ಎಷ್ಟು ಸಿಕ್ಕೀತು? ಕೆಲವು ಚಮಚ. ಗೋಡೆಯೊಳಗಿನ ಒಂದು ತೋಟದಿಂದ ದೊಡ್ಡ ಹೋಟೆಲುಗಳಿಗೆ ತಿಂಗಳು ತಿಂಗಳೂ ಚಹಾ ಹೋಗುತ್ತಿದೆ ಎಂದಾಗಲೇ ಯಾರಾದರೂ ಪೆನ್ಸಿಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ರುಚಿಯನ್ನು ಬಣ್ಣಿಸುವವರು ಬಹಳ ಮಂದಿ ಇದ್ದರು. ಗಿಡಗಳನ್ನು ಎಣಿಸುವವರು ಇರಲಿಲ್ಲ.

ಕೊನೆಗೂ ಎಳೆ ಸಿಕ್ಕಿದ್ದು ಸಾಮಾನ್ಯವಾದೊಂದು ವಿಚಾರಣೆಯಿಂದ. ಆಹಾರ ಪದಾರ್ಥ ಸಿದ್ಧಪಡಿಸಲು ಬೇಕಾದ ಪರವಾನಗಿ ಇವನಿಗಿದೆಯೇ ಎಂದು ಸ್ಥಳೀಯ ಆಡಳಿತದವರು ನೋಡಹೊರಟರು. ಅಲ್ಲಿಂದ ಒಂದೊಂದೇ ಬಿಚ್ಚಿಕೊಂಡಿತು. ಸ್ಕಾಟ್ಲೆಂಡಿನ ಆಹಾರ ಗುಣಮಟ್ಟ ಸಂಸ್ಥೆ ತನಿಖೆ ಮಾಡಿತು. ಸುಮಾರು 5,53,000 ಪೌಂಡುಗಳ ವಂಚನೆ ಎಂದು ಲೆಕ್ಕ ಹಾಕಲಾಯಿತು. 2025ರಲ್ಲಿ ಅಪರಾಧ ಸಾಬೀತಾಗಿ ಅವನಿಗೆ ಮೂರೂವರೆ ವರ್ಷ ಸಜೆಯಾಯಿತು.

ಹೋಟೆಲಿನಲ್ಲಿ ಕುಳಿತು ದುಬಾರಿ ಚಹಾ ಕುಡಿದವರಿಗೆ ಆದ ನಷ್ಟ ಒಂದು ಸಂಜೆಯದು. ಬೆಳೆಗಾರರದು ಹಾಗಲ್ಲ. ಚಳಿಯ ನಾಡಿನಲ್ಲಿ ಚಹಾ ನೆಟ್ಟವನು ಐದಾರು ವರ್ಷ ಕೈಕಟ್ಟಿ ಕಾಯಬೇಕು. ಸುಳ್ಳು ಸಸಿಯನ್ನು ನಂಬಿ ಕಾದ ವರ್ಷಗಳನ್ನು ಯಾವ ನ್ಯಾಯಾಲಯವೂ ಮರಳಿ ಕೊಡಿಸಲಾರದು. ಅದಕ್ಕಿಂತ ಕೆಟ್ಟದ್ದು, ನಿಜವಾಗಿ ಬೆಳೆಯುತ್ತಿದ್ದವರ ಮೇಲೂ ಬಿದ್ದ ಸಂಶಯ. ಅವರು ಮಾರುತ್ತಿದ್ದುದು ಚಹಾ ಪುಡಿಗಿಂತ ಹೆಚ್ಚಾಗಿ ಸ್ಥಳದ ಹೆಸರನ್ನು. ಏಕೆಂದರೆ ಅಲ್ಲಿ ಪುಡಿಯ ಲೆಕ್ಕ ಹೇಗೂ ಕೂಡಿಬರುವಂಥದ್ದಲ್ಲ. 2025ರ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ವಯಸ್ಕರಿಗೆ ಗಂಟೆಗೆ ಕನಿಷ್ಠ ಕೂಲಿ 12.21 ಪೌಂಡು ಇತ್ತು. ಎರಡೆಲೆ ಒಂದು ಮೊಗ್ಗನ್ನು ಆರಿಸಿ ಕೀಳುವವರು ಗಂಟೆಗೆ ಒಂದು ಕಿಲೋ ಕಿತ್ತರು ಎಂದಿಟ್ಟುಕೊಂಡರೂ ಒಂದು ಕಿಲೋ ಪುಡಿಗೆ ಕೀಳುವ ಕೂಲಿಯೇ 55 ಪೌಂಡು, ಎಂದರೆ ಆರು ಸಾವಿರ ರೂಪಾಯಿಗಳ ಸುತ್ತಮುತ್ತ. ಬಾಡಿಸುವುದು, ಉಜ್ಜುವುದು, ಒಣಗಿಸುವುದು ಇನ್ನೂ ಆಗಬೇಕು. ಇಷ್ಟು ಕೊಟ್ಟು ಕೊಳ್ಳುವವರು ಕೊಳ್ಳುವುದು ‘ಇದು ಇಂಥ ಕಣಿವೆಯದು’ ಎಂಬ ಮಾತಿಗಾಗಿ. ಆ ಮಾತೇ ಸುಳ್ಳೆಂದಾದ ಮೇಲೆ ಪಕ್ಕದ ಕಣಿವೆಯ ನಿಜವನ್ನೂ ಜನ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಹೆಸರಿನ ಕಳವು ನಮ್ಮಲ್ಲಿಯೂ ಹಳೆಯದೇ. ಭೌಗೋಳಿಕ ಗುರುತಿನ ಕಾನೂನಿನಡಿ ಭಾರತದಲ್ಲಿ ಮೊಟ್ಟಮೊದಲು ರಕ್ಷಣೆ ಪಡೆದ ಹೆಸರು ಡಾರ್ಜಿಲಿಂಗ್ ಚಹಾದ್ದು. ಬೇರೆಡೆಯ ಎಲೆಗೆ ಆ ಹೆಸರು ಹಚ್ಚಿ ಮಾರುವುದು ಅಷ್ಟರಮಟ್ಟಿಗೆ ಬೆಳೆದಿತ್ತು. ಈಗಲೂ ಪೂರ್ತಿ ನಿಂತಿಲ್ಲ. ಆದರೆ ನೀಲಗಿರಿಯ ಸಣ್ಣ ಬೆಳೆಗಾರನ ಸಂಕಟ ಇದಕ್ಕೆ ತಿರುವುಮುರುವಾದದ್ದು. ಅವನಲ್ಲಿ ಗಿಡವಿದೆ, ಎಲೆಯಿದೆ, ನೂರು ವರ್ಷ ಮೀರಿದ ಅನುಭವವಿದೆ. ಅವನ ಎಲೆ ಕಾರ್ಖಾನೆಯ ತಕ್ಕಡಿ ಏರಿದೊಡನೆ ಹೆಸರು ಕಳೆದುಕೊಂಡು ರಾಶಿಯಲ್ಲಿ ರಾಶಿಯಾಗುತ್ತದೆ. 2023ರಲ್ಲಿ ಬಡಗ ಬೆಳೆಗಾರರು ಹಸಿರೆಲೆಗೆ ಕಿಲೋಗೆ 33.50 ರೂಪಾಯಿಯಾದರೂ ಸಿಗಬೇಕೆಂದು ಸರದಿ ಉಪವಾಸ ಕುಳಿತಿದ್ದರು. ಒಂದು ಕಡೆ ಎಲೆಯಿಲ್ಲದ ಹೆಸರಿಗೆ ಸಾವಿರಾರು ರೂಪಾಯಿ. ಇನ್ನೊಂದು ಕಡೆ ಹೆಸರಿಲ್ಲದ ಎಲೆಗೆ ಮೂವತ್ತಮೂರೂವರೆ ರೂಪಾಯಿಗಾಗಿ ಉಪವಾಸ.

ಸ್ಕಾಟ್ಲೆಂಡಿನ ಬೆಳೆಗಾರರೆಲ್ಲರೂ ಕೈಬಿಡಲಿಲ್ಲ. ಗಿಡ ಸತ್ತವರಲ್ಲಿ ಕೆಲವರು ತೋಟ ಮುಚ್ಚಿದರು. ಕೆಲವರು ಬೀಜದಿಂದ ಮೊದಲುಮಾಡಿದರು. ಇದು ನಿಧಾನದ ದಾರಿ, ಆದರೆ ಕಾರಣವುಳ್ಳದ್ದು. ಕಡ್ಡಿ ನೆಟ್ಟು ಮಾಡಿದ ಸಸಿಗೆ ತಾಯಿಬೇರು ಇರುವುದಿಲ್ಲ. ಬೀಜದಿಂದ ಹುಟ್ಟಿದ್ದು ಆಳಕ್ಕೆ ಬೇರಿಳಿಸಿ ಮೇಲಿನ ಪದರ ಹೆಪ್ಪುಗಟ್ಟಿದಾಗಲೂ ಕೆಳಗಿನಿಂದ ನೀರು ಹುಡುಕಿಕೊಳ್ಳುತ್ತದೆ. ಒಂದೊಂದು ಬೀಜದ ಗಿಡವೂ ಇನ್ನೊಂದರಂತಿರದು. ನೂರರಲ್ಲಿ ಎಂಬತ್ತು ಸತ್ತರೂ ಉಳಿದ ಇಪ್ಪತ್ತು ಆ ಚಳಿಯನ್ನು ಗೆದ್ದವು, ಮುಂದಿನ ಬೀಜಕ್ಕೆ ಅವೇ ತಾಯಿ. ಜಾರ್ಜಿಯಾ ದೇಶದಲ್ಲಿ ಸೋವಿಯತ್ ಕಾಲದ ವಿಜ್ಞಾನಿ ಕ್ಸೆನಿಯಾ ಬಖ್ತಾಜೆ ಚಳಿ ತಡೆಯುವ ಚಹಾ ತಳಿಗಳನ್ನು ರೂಪಿಸಿದ್ದೂ ವರ್ಷಗಟ್ಟಲೆ ಬೀಜದ ಗಿಡಗಳನ್ನು ಒಂದೊಂದಾಗಿ ಸೋಸಿಯೇ.

ಪರ್ತ್‌ಶೈರ್, ಆ್ಯಂಗಸ್, ಫೈಫ್‌ಗಳ ಮಹಿಳೆಯರು ಕೆಲವರು ಸೇರಿ ‘ಟೀ ಗಾರ್ಡನ್ಸ್ ಆಫ್ ಸ್ಕಾಟ್ಲೆಂಡ್’ ಎಂಬ ಕೂಟ ಕಟ್ಟಿಕೊಂಡಿದ್ದಾರೆ. ಪ್ರತಿಯೊಬ್ಬರದೂ ಸಣ್ಣ ತೋಟ. ಒಬ್ಬೊಬ್ಬರ ಎಲೆಯೂ ಮುಷ್ಟಿಯಷ್ಟೇ ಆಗುವುದರಿಂದ ಎಲ್ಲರದನ್ನೂ ಕೂಡಿಸಿ ಒಂದು ಚಹಾ ಮಾಡಿದರು. ಅದಕ್ಕೆ ಇಟ್ಟ ಹೆಸರು ‘ನೈನ್ ಲೇಡೀಸ್ ಡ್ಯಾನ್ಸಿಂಗ್’, ಒಂಬತ್ತು ಹೆಂಗಸರ ಕುಣಿತ. ಎಷ್ಟು ತೋಟಗಳ ಎಲೆ ಎಂಬುದನ್ನು ಹೆಸರೇ ಹೇಳಿಬಿಡುತ್ತದೆ.

ಎಲೆ ಹದ ಮಾಡುವ ಕೆಲಸ ತಿಳಿದವರು ಆ ನಾಡಿನಲ್ಲಿ ಇರಲಿಲ್ಲ. ಶ್ರೀಲಂಕೆಯ ತೋಟವೊಂದರಲ್ಲಿ ಕೈಯಿಂದ ಚಹಾ ಮಾಡುವ ಕೆಲಸದಲ್ಲಿ ಪಳಗಿ ಬಂದ ಮಹಿಳೆಯೊಬ್ಬರು ಪರ್ತ್‌ಶೈರಿನ ಕಾಮ್ರಿ ಎಂಬ ಊರಿನ ಬಳಿ ಸಣ್ಣದೊಂದು ಕಾರ್ಖಾನೆ ತೆರೆದರು. ಹದಿನಾರರ ಹುಡುಗ ಜೇಮ್ಸ್ ಟೇಲರ್ ಅತ್ತ ಕೊಂಡೊಯ್ದ ಬದುಕಿನಿಂದ ಇಂಥದೊಂದು ಇತ್ತ ಮರಳಲು ನೂರೈವತ್ತು ವರ್ಷಗಳ ಮೇಲಾಯಿತು. ಕಾರ್ಖಾನೆ ಇರುವ ಜಾಗ ಕಲ್ಟಿಬ್ರಾಗನ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೆರೆಯಾಳುಗಳನ್ನು ಇರಿಸಿದ್ದ ಶಿಬಿರ. ನೀಲಗಿರಿಯಲ್ಲಿಯೂ ಅಫೀಮು ಯುದ್ಧಗಳ ಕಾಲದಲ್ಲಿ ಚೀನೀ ಸೆರೆಯಾಳುಗಳನ್ನು ನಡುವಟ್ಟಂ, ತಾಯ್‌ಶೋಲಗಳಲ್ಲಿರಿಸಿ ತೋಟದ ಕೆಲಸಕ್ಕೆ ಹಚ್ಚಿದ್ದರೆಂಬುದು ಆ ಬೆಟ್ಟಗಳ ಜನರಿಗೆ ಗೊತ್ತಿರುವ ಇತಿಹಾಸ. ಕಲ್ಟಿಬ್ರಾಗನ್ನಿನಲ್ಲಿ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿದಂತೆ ಕಾಣುವ ತಗಡಿನ ಗುಡಿಸಲುಗಳು ಇಂದಿಗೂ ಸಾಲಾಗಿ ನಿಂತಿವೆ. ಅಂಥದೊಂದು ತಗಡಿನ ಸೂರಿನಡಿಯಲ್ಲಿ ಬೇಸಿಗೆಯ ನಾಲ್ಕು ತಿಂಗಳು ಸುತ್ತಲ ಕಣಿವೆಗಳಿಂದ ಬುಟ್ಟಿಗಳಲ್ಲಿ ಬಂದ ಎಲೆ ಬಾಡಲು ಹರಡಿರುತ್ತದೆ.